ಮಕ್ಕಳನ್ನ ಕಟ್ಟಿಕೊಂಡು ಬೆಪ್ಪುಗೆ ಹೋಗಿದ್ವಿ, ಏಳು ನರಕ ನೋಡಿ ಬಂದ್ವಿ

ಊರಿನ ಹೆಸರೇ ಬೆಪ್ಪು. ನಾನು ಜೋಕ್ ಮಾಡ್ತಿಲ್ಲ. ಜಪಾನಿನ ಕ್ಯೂಶು ದ್ವೀಪದಲ್ಲಿ ಓಯಿತ ಪ್ರಾಂತದಲ್ಲಿ ಸಮುದ್ರಕ್ಕೂ ಬೆಟ್ಟಕ್ಕೂ ನಡುವೆ ಇರೋ ಬಿಸಿನೀರಿನ ಬುಗ್ಗೆಗಳ ಊರು. ಟಿಕೆಟ್ ಮಾಡಿಸಿದೀನಿ ಅಂದಾಗ ಅಮ್ಮ ಫೋನಲ್ಲೇ "ಅಷ್ಟು ದುಡ್ಡು ಸುರಿದು ಬೆಪ್ಪಾಗೋಕೆ ಅಲ್ಲೀವರೆಗೂ ಯಾಕೋ ಹೋಗ್ಬೇಕು" ಅಂದ್ರು, ಮಗ ಅದನ್ನ ಇಡೀ ಟ್ರಿಪ್ಪಲ್ಲಿ ನೂರು ಸಲ ಹೇಳಿ ನಕ್ಕಿದಾನೆ. ಅವನಿಗೆ ಒಂಬತ್ತು, ಮಗಳಿಗೆ ನಾಲ್ಕು. ಈ ವಯಸ್ಸು ಯಾಕೆ ಹೇಳ್ತಿದೀನಿ ಅಂದ್ರೆ ಈ ಊರಲ್ಲಿ ಮಕ್ಕಳ ವಯಸ್ಸಿನ ಮೇಲೇ ಎಲ್ಲಾ ನಿಂತಿದೆ, ಮುಂದೆ ಬರುತ್ತೆ.

ಫುಕುವೊಕ ನಗರದ ಹಕಾತ ಸ್ಟೇಷನ್ನಿಂದ ಸೋನಿಕ್ ರೈಲು ಹತ್ತಿದ್ರೆ ಸುಮಾರು ಎರಡು ಗಂಟೆ. ಸ್ಟೇಷನ್ ಹೊರಗೆ ಬಂದ್ರೆ ಮೊದಲು ಕಾಣೋದು ಎರಡೂ ಕೈ ಮೇಲೆತ್ತಿಕೊಂಡು ಒಂದೇ ಕಾಲಲ್ಲಿ ಹಾರೋ ಥರ ನಿಂತಿರೋ ಒಬ್ಬ ತಾತನ ಪ್ರತಿಮೆ, ಅವರ ಕೋಟಿನ ತುದಿಗೆ ಒಂದು ಪುಟ್ಟ ರಾಕ್ಷಸ ಜೋತುಬಿದ್ದಿದೆ. ಅಬುರಾಯ ಕುಮಾಹಾಚಿ ಅಂತ, 1863ರಲ್ಲಿ ಹುಟ್ಟಿ 1935ರಲ್ಲಿ ತೀರಿಕೊಂಡವರು, ಈ ಊರಿಗೆ ಟೂರಿಸ್ಟುಗಳನ್ನ ಎಳೆದು ತಂದವರೇ ಅವರು, 1928ರಲ್ಲೇ ಹೆಣ್ಣುಮಕ್ಕಳನ್ನ ಗೈಡ್ ಮಾಡಿ ಬಸ್ ಟೂರ್ ಶುರು ಮಾಡಿದ್ರಂತೆ. ಪಕ್ಕದಲ್ಲೇ ಕೈ ಅದ್ದೋಕೆ ಒಂದು ಬಿಸಿನೀರಿನ ತೊಟ್ಟಿ ಇದೆ, ಫ್ರೀ. ಮಕ್ಕಳಿಬ್ರೂ ಲಗೇಜ್ ಬಿಟ್ಟು ಅಲ್ಲಿಗೆ ಓಡಿದ್ರು. ಹೋಟೆಲ್ ಚೆಕ್ ಇನ್ ಆಗೋಕೆ ಮುಂಚೆನೇ ಮಗಳ ತೋಳು ಪೂರ್ತಿ ಒದ್ದೆ.

ಈಗ ಮುಖ್ಯ ವಿಷ್ಯ, ಜಿಗೊಕು ಮೆಗುರಿ, ಅಂದ್ರೆ ನರಕದ ಸುತ್ತು. ಕುದಿಯೋ ಬುಗ್ಗೆಗಳಿಗೇ ಇಲ್ಲಿ ನರಕ ಅಂತಾರೆ. ಇವು ಸ್ನಾನ ಮಾಡೋ ನೀರಲ್ಲ, ನೋಡೋ ನೀರು. ಒಟ್ಟು ಏಳು ನರಕಕ್ಕೆ ಸೇರಿಸಿ ಒಂದು ಕಾಂಬೋ ಟಿಕೆಟ್, ದೊಡ್ಡವರಿಗೆ 2,000 ಯೆನ್ ಮೇಲಾಗುತ್ತೆ, ಮಕ್ಕಳಿಗೆ ಸುಮಾರು ಅರ್ಧ. ಐದು ನರಕ ಕನ್ನಾವ ಅನ್ನೋ ಏರಿಯಾದಲ್ಲಿ ನಡೆಯೋ ದೂರದಲ್ಲೇ ಇವೆ, ಇನ್ನೆರಡು ಶಿಬಾಸೆಕಿ ಕಡೆ, ಅಲ್ಲಿಗೆ ಬಸ್ ಹಿಡೀಬೇಕು. ಬೆಳಿಗ್ಗೆ ಎಂಟಕ್ಕೆ ತೆಗೆದು ಸಂಜೆ ಐದಕ್ಕೆ ಮುಚ್ತಾರೆ. ಕನ್ನಾವದಲ್ಲಿ ಬಸ್ ಇಳಿದ ತಕ್ಷಣ ಮನೆಗಳ ಸಂದಿಯಿಂದ, ಚರಂಡಿ ಜಾಲರಿಯಿಂದ, ಪೈಪುಗಳಿಂದ ಎಲ್ಲಾ ಕಡೆಯಿಂದ ಹಬೆ ಏಳ್ತಾ ಇರುತ್ತೆ, ಇಡೀ ಊರನ್ನ ಯಾರೋ ಇಡ್ಲಿ ಪಾತ್ರೆ ಮೇಲೆ ಕೂರಿಸಿದ ಹಾಗೆ. ಮಳೆನೀರು ಬೆಟ್ಟದೊಳಗೆ ಇಳಿದು ಜ್ವಾಲಾಮುಖಿ ಕಾವಿಗೆ ಕಾದು ಮತ್ತೆ ಮೇಲೆ ಬರುತ್ತೆ ಅಂತ ಮಗನಿಗೆ ವಿವರಿಸ್ತಿದ್ದೆ, ಅವನು ಮೂಗು ಮುಚ್ಕೊಂಡು "ಅಪ್ಪ, ಕೊಳೆತ ಮೊಟ್ಟೆ" ಅಂದ. ಹೌದು, ಗಂಧಕದ ವಾಸನೆ. ಅರ್ಧ ಗಂಟೆಯಲ್ಲಿ ಮೂಗಿಗೆ ಅಭ್ಯಾಸ ಆಗಿಬಿಡುತ್ತೆ.

ಉಮಿ ಜಿಗೊಕು ಅಂದ್ರೆ ಸಮುದ್ರ ನರಕ, ಇದೊಂದನ್ನ ಬಿಡಬೇಡಿ. ನೀಲಿ ಅಂದ್ರೆ ಅಂಥ ನೀಲಿ, ಬಟ್ಟೆಗೆ ಹಾಕೋ ನೀಲಿಯನ್ನ ಪೂರ್ತಿ ಡಬ್ಬಿ ಸುರಿದ ಹಾಗೆ. ನೀರು 98 ಡಿಗ್ರಿ, ಆಳ 200 ಮೀಟರ್ ಅಂತಾರೆ. ಹಬೆ ಗಾಳಿಗೆ ಆ ಕಡೆ ಹೋದಾಗ ನೀಲಿ ಕಾಣುತ್ತೆ, ಈ ಕಡೆ ಬಂದಾಗ ಏನೂ ಕಾಣಲ್ಲ, ಮಗಳಿಗೆ ಅದೇ ಕಣ್ಣಾಮುಚ್ಚಾಲೆ ಆಟ ಆಯ್ತು. ಬೇಲಿ ಗಟ್ಟಿ ಇದೆ, ಆದ್ರೂ ನಾನು ಅವಳ ಕೈ ಬಿಡ್ಲಿಲ್ಲ. ಇಲ್ಲೇ ಕಾಲು ಇಳಿಬಿಟ್ಟು ಕೂರೋಕೆ ಆಶಿಯು ಇದೆ, ಅಂದ್ರೆ ಕಾಲಿಗೆ ಮಾತ್ರ ಬಿಸಿನೀರು. ಒಂದು ಮಾತು ಹೇಳ್ತೀನಿ, ಮಕ್ಕಳಿರೋರು ಒಂದು ಸಣ್ಣ ಟವೆಲ್ಲನ್ನ ಯಾವಾಗ್ಲೂ ಬ್ಯಾಗಲ್ಲೇ ಇಟ್ಕೊಂಡಿರಿ, ಯಾಕಂದ್ರೆ ಎಲ್ಲಿ ನೋಡಿದ್ರೂ ಇಂಥ ಆಶಿಯು ಸಿಗುತ್ತೆ, ಮಕ್ಕಳು ಶೂ ಬಿಚ್ಚದೇ ಇರಲ್ಲ, ಒದ್ದೆ ಕಾಲಿಗೆ ಸಾಕ್ಸ್ ಹಾಕೋ ಗೋಳು ಯಾರಿಗೂ ಬೇಡ.

ಓನಿಇಶಿಬೋಜು ನರಕದಲ್ಲಿ ಬೂದು ಕೆಸರು ಗುಳುಕ್ ಗುಳುಕ್ ಅಂತ ಗುಳ್ಳೆ ಹಾಕ್ತಾ ಕುದೀತಿರುತ್ತೆ. ಜಪಾನಿಯರಿಗೆ ಅದು ಬೋಳಿಸಿದ ಸನ್ಯಾಸಿ ತಲೆ ಥರ ಕಂಡಿದೆ, ಹೆಸರೂ ಅದೇ. ನಮ್ಮ ಮನೆಯವರಿಗೆ ಮಾತ್ರ ಒಲೆ ಮೇಲೆ ಮರೆತ ರಾಗಿ ಅಂಬಲಿ ಥರ ಕಾಣ್ತು. ನಾವು ಬರೀ ಐದು ನಿಮಿಷ ಅಂತ ಹೋದವರು ಅರ್ಧ ಗಂಟೆ ನಿಂತ್ವಿ, ಮುಂದಿನ ಗುಳ್ಳೆ ಯಾವ ಜಾಗದಲ್ಲಿ ಏಳುತ್ತೆ ಅಂತ ಮಕ್ಕಳು ಬೆಟ್ ಕಟ್ತಿದ್ರು.

ಕಮಾದೊ ಅಂದ್ರೆ ಒಲೆ, ಇಲ್ಲಿ ದೊಡ್ಡ ಹಂಡೆ ಮೇಲೆ ಕೆಂಪು ರಾಕ್ಷಸ ನಿಂತಿದಾನೆ, ಫೋಟೋಗೆ ಚೆನ್ನಾಗಿದೆ. ನನಗೆ ಇಷ್ಟ ಆಗಿದ್ದು ಅಲ್ಲಿನ ಸ್ಟಾಫ್ ತೋರಿಸೋ ಒಂದು ಚಮತ್ಕಾರ. ಕೊಳದ ಕಡೆಗೆ ಸ್ವಲ್ಪ ಹೊಗೆ ಊದ್ತಾರೆ ಅಷ್ಟೇ, ತಟ್ಟನೆ ಹಬೆ ಬುಸ್ಸಂತ ಹತ್ತು ಪಟ್ಟು ಆದ ಹಾಗೆ ಎದ್ದು ಬರುತ್ತೆ. ಹೊಗೆಯ ಕಣಗಳಿಗೆ ನೀರಾವಿ ಅಂಟಿಕೊಂಡು ಸಣ್ಣ ಹನಿ ಆಗೋದ್ರಿಂದ ಕಣ್ಣಿಗೆ ದಟ್ಟ ಕಾಣುತ್ತೆ. ಮಗ ಅಲ್ಲಿಂದ ಕದಲಲೇ ಇಲ್ಲ, ಎರಡು ಗುಂಪು ಬಂದು ಹೋಗೋವರೆಗೂ ನೋಡಿ ಮೂರನೇ ಸಲಕ್ಕೆ ತಾನೇ ಪಕ್ಕದವರಿಗೆ ಕನ್ನಡದಲ್ಲಿ ವಿವರಿಸೋಕೆ ಶುರು ಮಾಡಿದ, ಪಾಪ ಆ ಜಪಾನಿ ಅಜ್ಜಿ ಎಲ್ಲದಕ್ಕೂ "ಹಾಯ್, ಹಾಯ್", ಅಂದ್ರೆ ಹೌದು ಹೌದು, ಅಂತ ತಲೆ ಆಡಿಸಿದ್ರು.

ಶಿರಾಇಕೆ ಹಾಲಿನ ಬಣ್ಣದ ಕೊಳ, ನೋಡಿದ್ವಿ, ಬಂದ್ವಿ. ಓನಿಯಾಮದಲ್ಲಿ ಬಿಸಿನೀರಿನ ಕಾವಲ್ಲಿ ಮೊಸಳೆ ಸಾಕಿದಾರೆ, 1923ರಿಂದ ಇದೆಯಂತೆ, ಮಕ್ಕಳಿಗೆ ಖುಷಿ, ನನಗೇನೋ ಮೊಸಳೆ ನೋಡೋಕೆ ಇಷ್ಟು ದೂರ ಬರಬೇಕಿರ್ಲಿಲ್ಲ ಅನ್ನಿಸ್ತು.

ಊಟ. ಸಸ್ಯಾಹಾರಿಗಳು ಜಪಾನಲ್ಲಿ ಪಡೋ ಪಾಡು ಎಲ್ಲರಿಗೂ ಗೊತ್ತು, ಸಾರಿನ ಥರ ಕಾಣೋ ಪ್ರತಿಯೊಂದರಲ್ಲೂ ಮೀನಿನ ಸ್ಟಾಕ್ ಇರುತ್ತೆ. ಮೊದಲ ದಿನ ಒಂದು ಹೋಟೆಲ್ಲಲ್ಲಿ ವೆಜ್ ಅಂತ ಕೇಳಿ ಕೇಳಿ ತರಿಸಿಕೊಂಡ ನೂಡಲ್ಸ್ ಮೇಲೆ ಮೀನಿನ ಚೂರು ಗಾಳಿಗೆ ಕುಣೀತಾ ಬಂತು, ಮಗಳು "ಅಪ್ಪ ಇದು ಜೀವ ಇದೆ" ಅಂತ ಅತ್ತಳು. ಆದ್ರೆ ಕನ್ನಾವದಲ್ಲಿರೋ ಜಿಗೊಕು ಮುಶಿ ಕೋಬೋ ನಮ್ಮ ಪಾಲಿಗೆ ದೇವರು ಕೊಟ್ಟ ಜಾಗ. ಬುಗ್ಗೆಯ ಹಬೆ ಬರೋ ಗುಂಡಿಗಳನ್ನ ಟೈಮ್ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ, ಪದಾರ್ಥ ಅಲ್ಲೇ ಕೊಳ್ಳಬಹುದು, ಇಲ್ಲ ನೀವೇ ತಗೊಂಡು ಹೋಗಬಹುದು. ನಾವು ಸೂಪರ್ ಮಾರ್ಕೆಟ್ಟಿಂದ ಗೆಣಸು, ಜೋಳ, ಕುಂಬಳಕಾಯಿ, ಎಲೆಕೋಸು ಒಯ್ದಿದ್ವಿ. ಕೈಗೆ ದಪ್ಪ ಗ್ಲೌಸ್ ಕೊಡ್ತಾರೆ, ತಟ್ಟೆಯನ್ನ ಗುಂಡಿಗಿಳಿಸಿ ಮುಚ್ಚಳ ಹಾಕಿ ಟೈಮರ್ ಕೊಟ್ಟು ಕಳಿಸ್ತಾರೆ. ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆದ ಹಬೆಯಲ್ಲಿ ನನ್ನ ಕನ್ನಡಕ ಮಂಜಾಯ್ತು, ಒಂದು ನಿಮಿಷ ಏನೂ ಕಾಣ್ಲಿಲ್ಲ, ಕಂಡಾಗ ಗೆಣಸಿನ ಸಿಪ್ಪೆ ತಾನಾಗೇ ಒಡೆದು ಒಳಗೆ ಹಳದಿ ಬೆಣ್ಣೆ ಥರ ಇತ್ತು. ಹಬೆಯಲ್ಲೇ ಸ್ವಲ್ಪ ಉಪ್ಪಿನಂಶ ಇರೋದ್ರಿಂದ ಏನೂ ಹಾಕದೇನೇ ರುಚಿ. ಮನೆಯಲ್ಲಿ ತರಕಾರಿ ಕಂಡ್ರೆ ಓಡೋ ಮಗ ಎರಡು ಜೋಳ ಮುಗಿಸಿದ. ಶನಿವಾರ ಭಾನುವಾರ ಕ್ಯೂ ಉದ್ದ ಇರುತ್ತೆ, ಮೊದಲು ಇಲ್ಲಿ ಟೋಕನ್ ತಗೊಂಡು ಆಮೇಲೆ ನರಕಕ್ಕೆ ಹೋಗಿ.

ಮಧ್ಯಾಹ್ನ ಇನ್ನೆರಡು ನರಕ. ಚಿನೋಇಕೆ ರಕ್ತದ ಕೊಳ, ಕಬ್ಬಿಣದ ಆಕ್ಸೈಡಿಂದ ಕೆಮ್ಮಣ್ಣಿನ ಬಣ್ಣ, ಆ ಕೆಸರಿಂದ ಮಾಡಿದ ಚರ್ಮದ ಮುಲಾಮು ಮಾರ್ತಾರೆ. ತತ್ಸುಮಾಕಿ ಚಿಮ್ಮೋ ಬುಗ್ಗೆ, 30ರಿಂದ 40 ನಿಮಿಷಕ್ಕೊಂದು ಸಲ ಎದ್ದು ಆರೇಳು ನಿಮಿಷ ಚಿಮ್ಮುತ್ತೆ, ಮೇಲೆ ಕಲ್ಲಿನ ಚಪ್ಪರ ಕಟ್ಟಿರೋದ್ರಿಂದ ಆಕಾಶಕ್ಕೆ ಹಾರಲ್ಲ. ನಾವು ಹೋದಾಗ ಆಗಷ್ಟೇ ನಿಂತಿತ್ತು. ನಾಲ್ಕು ವರ್ಷದ ಮಗುವಿಗೆ ಅರ್ಧ ಗಂಟೆ ಒಂದು ಕಲ್ಲಿನ ತೂತು ನೋಡ್ಕೊಂಡು ಕೂರು ಅನ್ನೋದು ಹೇಗಿರುತ್ತೆ ಯೋಚನೆ ಮಾಡಿ. ಕೊನೆಗೆ ಚಿಮ್ಮಿದಾಗ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಎಬ್ಬಿಸಿದ್ರೂ ಏಳಲಿಲ್ಲ.

ಅದಕ್ಕೇ ಹೇಳೋದು, ಸಣ್ಣ ಮಕ್ಕಳಿದ್ರೆ ಏಳಕ್ಕೆ ಏಳೂ ಮುಗಿಸೋ ಹಠ ಬೇಡ. ಒಂದೊಂದಕ್ಕೂ ಬೇರೆ ಟಿಕೆಟ್ ಸಿಗುತ್ತೆ. ಉಮಿ, ಓನಿಇಶಿಬೋಜು, ಕಮಾದೊ ಮೂರು ಸಾಕು, ಉಳಿದ ಟೈಮ್ ಹಬೆ ಅಡುಗೆಗೂ ಕಾಲು ಅದ್ದೋಕೂ ಇಡಿ. ನಾನಂತೂ ಕಾಂಬೋ ಟಿಕೆಟ್ಟಿಗೆ ಐದಕ್ಕೆ ಮೂರು, ಊರಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ.

ಇನ್ನು ಸ್ನಾನ. ಓನ್ಸೆನ್ ಅಂದ್ರೆ ಬಿಸಿನೀರಿನ ಬುಗ್ಗೆಯ ಸ್ನಾನ, ಬಟ್ಟೆ ಇಲ್ಲದೆ, ಗಂಡಸರು ಹೆಂಗಸರು ಬೇರೆ ಬೇರೆ, ಮೊದಲು ಹೊರಗೆ ಮೈ ತೊಳ್ಕೊಂಡು ಆಮೇಲೆ ತೊಟ್ಟಿಗೆ ಇಳೀಬೇಕು, ಟವೆಲ್ ನೀರಿಗೆ ತಾಗಿಸಬಾರದು. ಏಳು ವರ್ಷ ದಾಟಿದ ಗಂಡು ಮಗು ಅಮ್ಮನ ಜೊತೆ ಹೆಂಗಸರ ಕಡೆ ಹೋಗೋ ಹಾಗಿಲ್ಲ, ಡಯಾಪರ್ ಬಿಡದ ಮಕ್ಕಳನ್ನ ತುಂಬಾ ಕಡೆ ಬಿಡಲ್ಲ. ಸಾರ್ವಜನಿಕ ಸ್ನಾನದ ಮನೆಗಳ ನೀರು ದೊಡ್ಡವರಿಗೇ ಸುಡುತ್ತೆ. ನಾನು ಮಗನನ್ನ ಒಂದು ಸಣ್ಣ ಬೀದಿ ಸ್ನಾನದ ಮನೆಗೆ ಕರ್ಕೊಂಡು ಹೋದೆ, ಅವನು ಟವೆಲ್ಲನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲೇ ನಿಂತ. "ಚಡ್ಡಿ ಹಾಕ್ಕೊಂಡೇ ಇಳೀತೀನಿ ಅಪ್ಪ." ಒಳಗಿದ್ದ ಒಬ್ಬ ತಾತ ಏನೂ ಮಾತಾಡದೆ ಒಂದು ಚಿಕ್ಕ ಬಕೆಟ್ ಅವನ ಕಡೆ ತಳ್ಳಿದ್ರು, ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಆಮೇಲೆ ಭುಜಕ್ಕೆ ನೀರು ಹಾಕ್ಕೊಂಡು ತೋರಿಸಿದ್ರು. ಮಗನೂ ಹಾಗೇ ಮಾಡಿದ. ತೊಟ್ಟಿಯಲ್ಲಿ ಅವನು ಇದ್ದಿದ್ದು ಬರೀ ಎಣಿಸಿ ಇಪ್ಪತ್ತು ಸೆಕೆಂಡ್, ಕುತ್ತಿಗೆವರೆಗೂ ಟೊಮೆಟೊ ಥರ ಕೆಂಪಾಗಿ ಹೊರಗೆ ಹಾರಿದ. 1879ರಲ್ಲಿ ಶುರುವಾದ ತಾಕೆಗವಾರ ಓನ್ಸೆನ್ ಊರೊಳಗೇ ಇದೆ, ಈಗಿರೋ ಮರದ ಕಟ್ಟಡ 1938ರದ್ದು, ಚಾವಣಿ ನೋಡೋಕೇ ಹೋಗಬೇಕು, ಬಿಸಿ ಮರಳಲ್ಲಿ ಹೂತು ಮಲಗಿಸೋ ಸ್ನಾನವೂ ಇದೆ, ಹೆಂಡತಿ ಒಬ್ಬಳೇ ಹೋಗಿ ಬಂದಳು, ಆವತ್ತಿಂದ ಇವತ್ತಿನವರೆಗೂ ಅದನ್ನೇ ಹೇಳ್ತಿದಾಳೆ.

ಎಲ್ರೂ ಒಟ್ಟಿಗೆ ಸ್ನಾನ ಮಾಡ್ಬೇಕು ಅಂದ್ರೆ ಕಝೊಕು ಬುರೊ, ಅಂದ್ರೆ ಫ್ಯಾಮಿಲಿ ಸ್ನಾನದ ರೂಮು, ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತೆ. ತಣ್ಣೀರಿನ ನಲ್ಲಿ ಇದೆಯಾ ಅಂತ ಮೊದಲೇ ಕೇಳಿ, ಅದಿದ್ರೆ ನೀರನ್ನ ಮಕ್ಕಳಿಗೆ ಬೇಕಾದಷ್ಟು ತಣ್ಣಗೆ ಮಾಡ್ಕೋಬಹುದು. ನಮ್ಮ ಟ್ರಿಪ್ಪಿನ ಬೆಸ್ಟ್ ಒಂದು ಗಂಟೆ ಅದೇ. ಬಟ್ಟೆ ಬಿಚ್ಚೋಕೆ ಮನಸಿಲ್ಲದವರಿಗೆ ಸುಗಿನೊಯಿ ಹೋಟೆಲ್ಲಲ್ಲಿ ಸ್ವಿಮ್ ಸೂಟ್ ಹಾಕ್ಕೊಂಡೇ ಇಳಿಯೋ ಜಾಗವೂ ಇದೆ.

ಇನ್ನೊಂದು ಎಚ್ಚರಿಕೆ, ಇದನ್ನ ಯಾರೂ ನಮಗೆ ಹೇಳಿರ್ಲಿಲ್ಲ. ಬೆಪ್ಪುವಿನದೇ ಇನ್ನೊಂದು ಏರಿಯಾ ಮ್ಯೋಬಾನ್ ಕಡೆ ನೀರಲ್ಲಿ ಗಂಧಕ ಜಾಸ್ತಿ, ಹುಲ್ಲಿನ ಗುಡಿಸಲಲ್ಲಿ ಸ್ನಾನದ ಉಪ್ಪು ತೆಗೆಯೋದನ್ನ ನೋಡೋಕೆ ಹೋಗಿ ಅಲ್ಲೇ ಸ್ನಾನಾನೂ ಮುಗಿಸಿ ಬಂದ್ವಿ. ರಾತ್ರಿ ನೋಡಿದ್ರೆ ಮಗಳ ಬೆಳ್ಳಿ ಕಾಲ್ಗೆಜ್ಜೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಗಂಧಕ ಬೆಳ್ಳಿಗೆ ಹಿಡಿದ್ರೆ ಹಾಗೇ ಆಗೋದು. ಅಜ್ಜಿ ಕೊಟ್ಟ ಗೆಜ್ಜೆ, ಹೆಂಡತಿ ನನ್ನನ್ನ ನೋಡಿದ ನೋಟ ಅಂತೂ ಆ ಏಳು ನರಕದಲ್ಲೂ ಇರ್ಲಿಲ್ಲ. ಟೂತ್‌ಪೇಸ್ಟ್ ಹಾಕಿ ಉಜ್ಜಿದೆ, ಸರಪಳಿ ಬೆಳ್ಳಗಾಯ್ತು, ಗೆಜ್ಜೆಯ ಸಂದಿಯಲ್ಲಿ ಇನ್ನೂ ಕಪ್ಪಿದೆ. ಬೆಳ್ಳಿ ಏನೇ ಇದ್ರೂ ಮನೆಯಲ್ಲೇ ತೆಗೆದಿಟ್ಟು ಹೊರಡಿ.