ಸಣ್ಣ ಹಾಲ್, ಒಬ್ಬನೇ ಸೌಂಡ್‌ನವನು: ಮೂರು ಸಂಜೆ, ಮೂರು ಬಗೆಯ ರೆಕಾರ್ಡಿಂಗ್

ಹಾಲ್‌ನಲ್ಲಿ ಎಲ್ಲರೂ "ಸೌಂಡ್ ಚೆನ್ನಾಗಿತ್ತು" ಅಂದಿರುತ್ತಾರೆ. ಮನೆಗೆ ಬಂದು ರೆಕಾರ್ಡಿಂಗ್ ಹಾಕಿದರೆ ತಬಲಾ ಎಲ್ಲೋ ಮಾಯ, ಗಾಯಕಿಯ ದನಿ ಮಾತ್ರ ಕಿವಿಯೊಳಗೇ ಬಂದು ಕೂತಿರುತ್ತದೆ. ಮೈಸೂರಿನಲ್ಲಿ ಸಣ್ಣ ಸುಗಮ ಸಂಗೀತ ತಂಡಗಳಿಗೆ ಸೌಂಡ್ ಮಾಡುವ ನನಗೆ ಇದು ತುಂಬಾ ದಿನದ ಕೊರಗು. ಹಾಗಾಗಿ ಒಂದೇ ಹಾಲ್, ಒಂದೇ ತಂಡ ಇಟ್ಟುಕೊಂಡು ಮೂರು ಸಂಜೆ ಮೂರು ಬಗೆಯಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಸುಮಾರು 120 ಕುರ್ಚಿ ಹಿಡಿಸುವ ಹಾಲ್. ಇಬ್ಬರು ಗಾಯಕರು, ಕೊಳಲು, ಗಿಟಾರ್, ತಬಲಾ, ಕೀಬೋರ್ಡ್, ರಿದಮ್ ಪ್ಯಾಡ್.

ಮೊದಲ ಸಂಜೆ ಹಳೆಯ ಅನಲಾಗ್ ಮಿಕ್ಸರ್, ಜೊತೆಗೆ ಜೂಮ್ ಎಚ್5 ಅನ್ನುವ ಅಂಗೈಯಗಲದ ರೆಕಾರ್ಡರ್. ಮಿಕ್ಸರ್‌ನ ಔಟ್‌ಪುಟ್ ನೇರವಾಗಿ ಎಚ್5ಗೆ. ಸುಲಭ, ಅಗ್ಗ, ನಮ್ಮಲ್ಲಿ ಬಹಳ ಜನ ಮಾಡುವುದೂ ಇದನ್ನೇ. ಆದರೆ ಸಣ್ಣ ಹಾಲ್‌ನಲ್ಲಿ ಇದಕ್ಕೊಂದು ಮೂಲ ತೊಂದರೆ ಇದೆ. ತಬಲಾದ ಡಗ್ಗಾ, ಅಂದರೆ ದಪ್ಪ ದನಿಯ ದೊಡ್ಡ ವಾದ್ಯ, ಸ್ಪೀಕರ್ ಇಲ್ಲದೆಯೂ ಮೂರನೇ ಸಾಲಿನವರೆಗೆ ಚೆನ್ನಾಗಿ ಕೇಳಿಸುತ್ತದೆ. ಅದರ ಫೇಡರನ್ನು (ದನಿ ಏರಿಳಿಸುವ ಜಾರುಗುಂಡಿ) ನಾನು ಹೆಚ್ಚುಕಡಿಮೆ ಕೆಳಗೇ ಇಟ್ಟಿರುತ್ತೇನೆ. ಮೆಲ್ಲಗೆ ಹಾಡುವ ಗಾಯಕಿಯ ಫೇಡರ್ ಮೇಲೆ. ಅಂದರೆ ಹಾಲ್‌ನಲ್ಲಿ ಏನು ಕಡಿಮೆ ಇದೆಯೋ ಅದನ್ನು ಮಿಕ್ಸರ್ ತುಂಬಿಕೊಡುತ್ತದೆ. ಆ ಮಿಕ್ಸನ್ನೇ ರೆಕಾರ್ಡ್ ಮಾಡಿದರೆ, ಹಾಲ್‌ನಲ್ಲಿ ಮೊದಲೇ ಇದ್ದದ್ದು ಅದರಲ್ಲಿ ಇರುವುದಿಲ್ಲ. ನಾನು ಹಾಲ್‌ನ ಕೆಲಸ ಎಷ್ಟು ಸರಿಯಾಗಿ ಮಾಡುತ್ತೇನೋ ರೆಕಾರ್ಡಿಂಗ್ ಅಷ್ಟು ಕೆಡುತ್ತದೆ!

ಇಲ್ಲಿ ಎಚ್5ನ ಒಂದು ಗುಣ ಕೈಹಿಡಿಯಿತು. ಅದು ಒಟ್ಟಿಗೆ ನಾಲ್ಕು ಟ್ರ್ಯಾಕ್ ತೆಗೆದುಕೊಳ್ಳುತ್ತದೆ: ಮಿಕ್ಸರ್‌ನಿಂದ ಎರಡು, ತಲೆಯ ಮೇಲಿರುವ ಅದರದೇ ಮೈಕ್‌ಗಳಿಂದ ಎರಡು. ವೇದಿಕೆಯಿಂದ 7 ಮೀಟರ್ ದೂರದಲ್ಲಿ ಸ್ಟ್ಯಾಂಡಿಗೆ ಹಾಕಿ ನಿಲ್ಲಿಸಿದೆ. ಮಾರನೇ ದಿನ ಎರಡನ್ನೂ ಸುಮ್ನೆ ಸೇರಿಸಿದರೆ ಪ್ರತಿ ಪೆಟ್ಟೂ ಎರಡೆರಡು ಸಲ ಬಿದ್ದಂತೆ ಕೇಳಿಸುತ್ತಿತ್ತು. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. 7 ಮೀಟರ್‌ಗೆ 20. ತಬಲಾದ ಒಂದು ಗಟ್ಟಿ ಪೆಟ್ಟನ್ನು ಹಿಗ್ಗಿಸಿ ನೋಡಿ, ಹಾಲ್‌ನ ಟ್ರ್ಯಾಕನ್ನು ಅಷ್ಟು ಮುಂಚೆ ಬರುವಂತೆ ಎಳೆದೆ. ಡಗ್ಗಾದ "ಗುಂ" ಮರಳಿ ಬಂತು. ನಾಲ್ಕೂ ಒಂದೇ ಯಂತ್ರದಲ್ಲಿ ಆದದ್ದರಿಂದ ಒಂದು ಸಲ ಕೂಡಿಸಿದರೆ ಕೊನೆಯ ಹಾಡಿನವರೆಗೂ ಕೂಡಿಯೇ ಇರುತ್ತದೆ. ಮಿಕ್ಸರ್‌ನ ಸಿಗ್ನಲ್ ಗಟ್ಟಿಯಾಗಿರುತ್ತದೆ, ಹಾಗಾಗಿ ಎಚ್5ನ -20 ಡಿಬಿ ಪ್ಯಾಡ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಹಾಕಿ, ಫ್ಯಾಂಟಮ್ (ಮೈಕ್‌ಗೆ ಕೊಡುವ ವಿದ್ಯುತ್) ಆಫ್ ಮಾಡಿ. ಇದನ್ನು ಮರೆಯಬೇಡಿ.

ಎರಡನೇ ಸಂಜೆ ಜೂಮ್ ಲೈವ್‌ಟ್ರ್ಯಾಕ್ ಎಲ್-12. ಮಿಕ್ಸರ್ ಮತ್ತು ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿ. ಎಂಟು ಮೈಕ್ ಚಾನೆಲ್, ಎರಡು ಸ್ಟೀರಿಯೋ ಚಾನೆಲ್. ನಮ್ಮ ತಂಡಕ್ಕೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ತಬಲಾಗೆ ಎರಡು ಮೈಕ್, ಗಿಟಾರ್‌ಗೆ ಡಿಐ ಬಾಕ್ಸ್ (ಅದರ ಸಿಗ್ನಲನ್ನು ಮೈಕ್ ಚಾನೆಲ್‌ಗೆ ಹೊಂದಿಸುವ ಡಬ್ಬಿ), ಉಳಿದ ಮೂವರಿಗೆ ಒಂದೊಂದು ಮೈಕ್. ಕೀಬೋರ್ಡ್ ಮತ್ತು ಪ್ಯಾಡ್ ಸ್ಟೀರಿಯೋದಲ್ಲಿ. ಎಲ್ಲವೂ ಬೇರೆ ಬೇರೆ ಟ್ರ್ಯಾಕ್ ಆಗಿ ಎಸ್‌ಡಿ ಕಾರ್ಡಿಗೆ ಹೋಗುತ್ತವೆ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕ್‌ಗೆ ಗಂಟೆಗೆ ಸುಮಾರು ಅರ್ಧ ಜಿಬಿ. ಮುಖ್ಯವಾದ ಮಾತು ಅಂದರೆ, ಫೇಡರ್ ಎಷ್ಟೇ ಇಳಿಸಿದರೂ ಟ್ರ್ಯಾಕ್‌ನ ಮಟ್ಟ ಬದಲಾಗುವುದಿಲ್ಲ. ಡಗ್ಗಾದ ಫೇಡರ್ ಪೂರ್ತಿ ಕೆಳಗಿದ್ದರೂ ಅದರ ಟ್ರ್ಯಾಕ್ ತುಂಬಿಕೊಂಡೇ ಇತ್ತು. ಟ್ರ್ಯಾಕ್‌ನ ಮಟ್ಟ ಹೊಂದಿಸುವುದು ಗೇನ್‌ನಿಂದ, ಅಂದರೆ ಸಿಗ್ನಲ್ ಒಳಬರುವಾಗಲೇ ಅದನ್ನು ಹಿಗ್ಗಿಸುವ ಗುಂಡಿಯಿಂದ. ಸೌಂಡ್ ಚೆಕ್‌ನಲ್ಲಿ ಎಲ್ಲರೂ ಮೆಲ್ಲಗೆ ಹಾಡುತ್ತಾರೆ, ಜನ ಸೇರಿದ ಮೇಲೆ ಗಂಟಲು ಬಿಚ್ಚುತ್ತಾರೆ. ಮೀಟರ್ 0 ದಾಟಿದರೆ ದನಿ ಒಡೆಯುತ್ತದೆ, ಅದಕ್ಕೇ ಚೆಕ್‌ನಲ್ಲಿ ಅದು -18 ಡಿಬಿ ಆಸುಪಾಸಿನಲ್ಲಿ ಇರುವಂತೆ ಗೇನ್ ಇಟ್ಟೆ. ಹಾಲ್‌ನಲ್ಲಿ ಹೆಡ್‌ಫೋನ್ ನಂಬುವ ಹಾಗಿಲ್ಲ, ವೇದಿಕೆಯ ಸದ್ದು ಅದರೊಳಗೂ ನುಗ್ಗುತ್ತದೆ. ಮೀಟರನ್ನೇ ನಂಬಿ.

ಎಲ್-12ಗೆ ಕೊರತೆಯೂ ಇದೆ. ಪ್ರತಿ ಚಾನೆಲ್‌ಗೆ ದನಿಯ ತಗ್ಗು, ಮಧ್ಯ (ಮಿಡ್), ಮೇಲಿನ ಭಾಗಗಳನ್ನು ಏರಿಳಿಸುವ ಮೂರು ಬ್ಯಾಂಡ್ ಇಕ್ಯೂ ಇದೆ; ಹಾಲ್‌ನ ಸ್ಪೀಕರ್‌ಗೆ ಹೋಗುವ ಮೇನ್ ಔಟ್‌ಗೆ, ದನಿಯನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿ ಸರಿಮಾಡುವ ಗ್ರಾಫಿಕ್ ಇಕ್ಯೂ ಇಲ್ಲ. ಕೊಳಲಿನ ಮೈಕ್ "ಕುಂಯ್" ಅನ್ನಲು ಶುರು ಮಾಡಿದಾಗ ಮಿಡ್ ಇಳಿಸಬೇಕಾಯಿತು, ಹಾಲ್‌ನಲ್ಲಿ ಕೊಳಲು ಮಂಕಾಯಿತು. ನನಗೆ ಅದು ಇಷ್ಟವಾಗಲಿಲ್ಲ.

ಅದೇ ಕೊಳಲನ್ನು ಮೂರನೇ ಸಂಜೆ ಬೆಹ್ರಿಂಗರ್ ಎಕ್ಸ್‌ಆರ್18ರಲ್ಲಿ ನೋಡಬೇಕಿತ್ತು. ಅದು ಫೇಡರ್‌ಗಳೇ ಇಲ್ಲದ, ಟ್ಯಾಬ್ಲೆಟ್‌ನಿಂದ ನಡೆಸುವ ಡಿಜಿಟಲ್ ಮಿಕ್ಸರ್. ಅದರಲ್ಲಿ 31 ಬ್ಯಾಂಡ್ ಗ್ರಾಫಿಕ್ ಇಕ್ಯೂ ಇದೆ. 2.5 ಕಿಲೋಹರ್ಟ್ಸ್ ಪಟ್ಟಿಯನ್ನು ಮಾತ್ರ 4 ಡಿಬಿ ಇಳಿಸಿದೆ. ಕೂಗು ನಿಂತಿತು, ಕೊಳಲಿನ ಹೊಳಪು ಹಾಗೇ ಉಳಿಯಿತು. ಹಾಲ್‌ನ ಸೌಂಡ್ ಲೆಕ್ಕದಲ್ಲಿ ಮೂರರಲ್ಲಿ ಇದೇ ಮೇಲು, ಅನುಮಾನವೇ ಇಲ್ಲ. ಟ್ಯಾಬ್ಲೆಟ್ ಹಿಡಿದು ಹಿಂದಿನ ಸಾಲಿಗೆ ಹೋಗಿ ಕೇಳುತ್ತಾ ಸರಿಮಾಡಬಹುದು. ತುಂಬಿದ ಹಾಲ್‌ನಲ್ಲಿ ಪ್ರತಿ ಜೇಬಿನಲ್ಲೂ ಒಂದು ಫೋನ್ ಇರುತ್ತದೆ ಅಲ್ವಾ, ಆ ಗದ್ದಲದಲ್ಲಿ ಮಿಕ್ಸರ್‌ನ ಸ್ವಂತ ವೈಫೈ ಕಡಿಯಬಹುದು, ಹಾಗಾಗಿ ವೈಫೈಗೆ ಪ್ರತ್ಯೇಕ ರೂಟರ್ ಒಂದನ್ನು ಲ್ಯಾನ್ ಕೇಬಲ್‌ನಿಂದ ಹಾಕಿಕೊಂಡಿದ್ದೆ. ರೆಕಾರ್ಡಿಂಗ್ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ, 18 ಟ್ರ್ಯಾಕ್‌ವರೆಗೆ.

ತೊಂದರೆ ಇರುವುದು ನೋಡುವ ಕಣ್ಣಿಗೆ. ಗಾಯಕರು ಮಾನಿಟರ್ (ತಮ್ಮ ಕಡೆ ತಿರುಗಿಸಿಟ್ಟ ಸ್ಪೀಕರ್) ಕಡೆ ಕೈ ತೋರಿಸುತ್ತಾರೆ, ನಾನು ಟ್ಯಾಬ್ಲೆಟ್‌ನಲ್ಲಿ ಪುಟ ಹುಡುಕುತ್ತಿರುತ್ತೇನೆ, ಅತ್ತ ಲ್ಯಾಪ್‌ಟಾಪಿನ ಮೇಲೂ ಒಂದು ಕಣ್ಣು ಇರಬೇಕು. ಎಲ್-12ರಲ್ಲಿ ವೇದಿಕೆಯ ಮೇಲಿನ ಕಣ್ಣು ತೆಗೆಯದೆಯೇ ಬೆರಳು ಫೇಡರ್ ಹುಡುಕಿಕೊಳ್ಳುತ್ತಿತ್ತು. ಒಬ್ಬನೇ ಹೋಗುವ ಕಾರ್ಯಕ್ರಮಕ್ಕೆ ನಾನೀಗ ಎಲ್-12 ಒಯ್ಯುತ್ತೇನೆ. ಲ್ಯಾಪ್‌ಟಾಪ್ ನೋಡಿಕೊಳ್ಳಲು ಇನ್ನೊಬ್ಬರು ಇದ್ದರೆ ಎಕ್ಸ್‌ಆರ್18. ಎಚ್5 ಮಾತ್ರ ಎರಡಕ್ಕೂ ಬರುತ್ತದೆ.

ಅದಕ್ಕೆ ಕಾರಣ ಆ ಮೂರನೇ ಸಂಜೆಯೇ. ನಾಲ್ಕನೇ ಹಾಡಿನ ಮಧ್ಯೆ ಕರೆಂಟ್ ಹೋಯಿತು. ಜನರೇಟರ್ ಬರುವಷ್ಟರಲ್ಲಿ ಮಿಕ್ಸರ್ ಆಫ್, ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ನಿಂತಿತ್ತು. ತಬಲಾದವರು ಮಾತ್ರ ಕೈ ನಿಲ್ಲಿಸಲಿಲ್ಲ. ಗಾಯಕಿ ಕತ್ತಲಲ್ಲೇ ಎರಡು ಹೆಜ್ಜೆ ಮುಂದೆ ಬಂದು, ಮೈಕ್ ಇಲ್ಲದೆ ಪಲ್ಲವಿ ಹಾಡಿದರು. ಎರಡನೇ ಸಲಕ್ಕೆ ಹಾಲ್ ಪೂರ್ತಿ ಅವರ ಜೊತೆ ಹಾಡುತ್ತಿತ್ತು. ಹಿಂದೆ ಸ್ಟ್ಯಾಂಡಿನ ಮೇಲೆ ಎಚ್5 ಎರಡು ಪೆನ್ಸಿಲ್ ಸೆಲ್‌ನಲ್ಲಿ ಓಡುತ್ತಲೇ ಇತ್ತು. ತಂಡದವರು ನನ್ನ ಹತ್ತಿರ ಮೊದಲು ಕೇಳಿ ತೆಗೆದುಕೊಂಡದ್ದು ಆ ತುಣುಕನ್ನೇ.