ನವಿಲು ಓಡಿಸಲು ಬೆರ್ಚಪ್ಪ, ಮೈಕು, ಪೈಪ್ ಗನ್ನು, ನಾಯಿ: ಯಾವುದಕ್ಕೆ ಎಷ್ಟು ದಿನ ಹೆದರುತ್ತವೆ?

ಮಧುಗಿರಿ ಕಡೆ ಗುಡ್ಡದ ಅಂಚಿನ ಹೊಲದಲ್ಲಿ ಕಡಲೆಕಾಯಿ ಬಿತ್ತುವವರಿಗೆ ನವಿಲಿನ ಕಾಟ ಹೇಳಿಕೊಡಬೇಕಿಲ್ಲ. ಸಾಲು ಹಿಡಿದು ಕೆದಕಿ ಬೀಜ ತಿನ್ನುತ್ತವೆ. ಮೊಳಕೆ ಬಂದರೆ ಅದನ್ನೂ ಕಿತ್ತು ಹಾಕುತ್ತವೆ. ಹೊಡೆಯುವ ಮಾತೇ ಇಲ್ಲ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿ. ಕಾಯ್ದೆ ಇಲ್ಲದಿದ್ದರೂ ನನಗೆ ಆ ಮನಸ್ಸಿಲ್ಲ. ಉಳಿಯುವುದು ಹೆದರಿಸುವುದು. ಅಂಗಡಿಯಲ್ಲಿ ಎಲ್ಲರೂ ‘ಸದ್ದು ಎಷ್ಟು ಜೋರು ಬರುತ್ತೆ’ ಅಂತ ತೋರಿಸಿ ಮಾರುತ್ತಾರೆ. ನಾನು ನೋಡಿದ್ದು ಬೇರೆ. ಮೊದಲ ದಿನದ ಹೆದರಿಕೆ ಎಷ್ಟು ದಿನ ಉಳಿಯುತ್ತೆ ಅನ್ನುವುದು.

ಬೆರ್ಚಪ್ಪನಿಂದ ಶುರು ಮಾಡೋಣ. ಹಳೇ ಅಂಗಿ, ಎರಡು ಗಳ, ತಲೆಗೊಂದು ಮಡಕೆ. ಖರ್ಚೇ ಇಲ್ಲ. ನಿಲ್ಲಿಸಿದ ಹೊಸದರಲ್ಲಿ ನವಿಲುಗಳು ಬದುವಿನ ಆಚೆಗೇ ನಿಂತು ಕತ್ತು ಎತ್ತಿ ನೋಡುತ್ತವೆ. ಆಮೇಲೆ ಒಂದೊಂದೇ ಸಾಲು ಹತ್ತಿರ ಬರುತ್ತವೆ. ವಾರ ತುಂಬುವುದರೊಳಗೆ ಅದರ ಬುಡದಲ್ಲೇ ಕೆದಕುತ್ತಿರುತ್ತವೆ. ಅಂಗಿ ಬದಲಿಸಿ ಜಾಗ ಬದಲಿಸಿದರೆ ಮತ್ತೆ ಎರಡು ಮೂರು ದಿನ ಸಿಗುತ್ತದೆ, ಅಷ್ಟೇ. ಮಿಂಚುವ ರಿಬ್ಬನ್ ಇದಕ್ಕಿಂತ ಸ್ವಲ್ಪ ವಾಸಿ, ಆದರೆ ಗಾಳಿ ಬೇಕು. ಜೋಳಕ್ಕೆ ಬರುವ ಗಿಳಿಗಳಿಗೆ ಅದು ಪರವಾಗಿಲ್ಲ. ನವಿಲು ಕೆಳಗೆ ತೂರಿಕೊಂಡು ನಡೆದೇ ಬರುತ್ತದೆ.

ಇದು ನವಿಲಿನ ಜಾಣತನ ಮಾತ್ರ ಅಲ್ಲ. ಯಾವ ಪ್ರಾಣಿಯಾದರೂ ಅಷ್ಟೇ. ಒಂದೇ ಸಂಗತಿ ಮತ್ತೆ ಮತ್ತೆ ಬಂದು, ಅದರಿಂದ ಏನೂ ಆಗದಿದ್ದರೆ ಅದಕ್ಕೆ ತಲೆಕೆಡಿಸಿಕೊಳ್ಳುವುದನ್ನು ಬಿಡುತ್ತದೆ. ವಿಜ್ಞಾನಿಗಳು ಹ್ಯಾಬಿಚುಯೇಶನ್ ಅನ್ನುವುದು ಇದಕ್ಕೇ. ಎರಿಕ್ ಕ್ಯಾಂಡೆಲ್ ಅನ್ನುವ ನರವಿಜ್ಞಾನಿ ಇದನ್ನು ಸಮುದ್ರದ ಒಂದು ಗೊಂಡೆಹುಳದಂಥ ಜೀವಿಯಲ್ಲಿ ನೋಡಿದರು. ಮೆಲ್ಲಗೆ ಮುಟ್ಟಿದರೆ ಅದು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಮುಟ್ಟುತ್ತಲೇ ಇದ್ದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಬಾಲಕ್ಕೆ ಒಂದು ಶಾಕ್ ಕೊಟ್ಟರೆ ಮಾತ್ರ, ಆಮೇಲೆ ಮೆಲ್ಲಗೆ ಮುಟ್ಟಿದರೂ ಜೋರಾಗಿ ಮುದುಡಿಕೊಳ್ಳುತ್ತದೆ. ನೆನಪಿನ ಬಗ್ಗೆ ಅವರು ಮಾಡಿದ ಇಂಥ ಕೆಲಸಕ್ಕೆ 2000ದಲ್ಲಿ ನೊಬೆಲ್ ಬಂತು. ಈ ಶಾಕ್‌ನ ವಿಷಯ ನೆನಪಿಟ್ಟುಕೊಳ್ಳಿ, ನಾಯಿಯ ಹತ್ತಿರ ಬೇಕಾಗುತ್ತದೆ.

ಬ್ಯಾಟರಿ ಮೈಕು ಈಗ ಎಲ್ಲ ಹೊಲದಲ್ಲೂ ಕೂಗುತ್ತಿದೆ. ‘ಹೋಯ್ ಹೋಯ್’ ಅಂತ ನಮ್ಮದೇ ಧ್ವನಿ ತುಂಬಿ ಬೆಳಗಿಂದ ಸಂಜೆವರೆಗೆ ಬಿಟ್ಟುಬಿಡುವುದು. ನನ್ನ ಪ್ರಕಾರ ಇದು ದುಡ್ಡು ದಂಡ ಮಾಡುವ ಬಳಕೆ. ಥಾಂಪ್ಸನ್, ಸ್ಪೆನ್ಸರ್ ಅನ್ನುವ ಇಬ್ಬರು ವಿಜ್ಞಾನಿಗಳು 1966ರಲ್ಲೇ ಹೀಗೆ ಒಗ್ಗಿಹೋಗುವುದರ ಲಕ್ಷಣಗಳನ್ನು ಪಟ್ಟಿ ಮಾಡಿದ್ದಾರೆ. ಎಷ್ಟು ಬೇಗ ಬೇಗ ಬರುತ್ತದೋ ಅಷ್ಟು ಬೇಗ ಒಗ್ಗಿಹೋಗುತ್ತದೆ. ಸ್ವಲ್ಪ ಕಾಲ ನಿಲ್ಲಿಸಿದರೆ ಹೆದರಿಕೆ ವಾಪಸ್ ಬರುತ್ತದೆ. ಆದರೆ ಮರುಸಲ ಮೊದಲಿಗಿಂತ ಬೇಗ ಒಗ್ಗುತ್ತದೆ. ಮೂರನ್ನೂ ಆ ಮೈಕಿನಲ್ಲಿ ಕಣ್ಣಾರೆ ನೋಡಿದೆ. ಎಡೆಬಿಡದೆ ಕೂಗಿಸಿದಾಗ ಬೆರ್ಚಪ್ಪನಷ್ಟು ದಿನವೂ ನಡೆಯಲಿಲ್ಲ. ಬೆಳಗ್ಗೆ ಅವು ಇಳಿಯುವ ಹೊತ್ತಿಗೆ ಸ್ವಲ್ಪ, ಸಂಜೆ ಸ್ವಲ್ಪ, ದಿನಾ ಬೇರೆ ಮೂಲೆಯಿಂದ ಕೂಗಿಸಿದಾಗ ಮೊಳಕೆ ಏಳುವವರೆಗೂ ಕೆಲಸ ಮಾಡಿತು. ಮೈಕು ಅದೇ, ಬಳಸಿದ ರೀತಿ ಬೇರೆ. ಪಕ್ಕದ ಹೊಲದ ತಾತ ಇದನ್ನು ಒಂದೇ ಮಾತಲ್ಲಿ ಹೇಳಿದ್ದರು: “ಒಂದೇ ಹೊತ್ಗೆ ಕೂಗ್ಸ್‌ಬ್ಯಾಡ ಮಗಾ, ಅವು ಲೆಕ್ಕ ಇಟ್ಕೊಂಡಿರ್ತವೆ.”

ಪೈಪ್ ಗನ್ನಿನ ಸದ್ದಿಗೆ ನವಿಲು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ, ನಿಜ. ಜೋರು ಸದ್ದಿಗೆ ಒಗ್ಗುವುದು ನಿಧಾನ. ಆದರೂ ನಾನು ಬಿಟ್ಟುಬಿಟ್ಟೆ. ಕಾರ್ಬೈಡ್‌ಗೆ ನೀರು ತಾಗಿ ಬರುವ ಅಸಿಟಿಲೀನ್ ಗ್ಯಾಸ್ ಸಿಡಿಯುವುದೇ ಅದರ ಕೆಲಸ. ಸಿಡಿಯದಿದ್ದಾಗ ಜನ ಪೈಪಿನೊಳಗೆ ಬಗ್ಗಿ ನೋಡುತ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥದೇ ಗನ್ನಿನಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಮನೆಯಲ್ಲಿ ಮಕ್ಕಳಿದ್ದರೆ ತರಲೇಬೇಡಿ.

ಇನ್ನು ನಾಯಿ. ನನಗೆ ಇಷ್ಟವಾದದ್ದು ಇದೇ. ಇಲ್ಲಿ ಸದ್ದಿನ ಹಿಂದೆ ನಿಜವಾಗಿ ಓಡಿಬರುವ ಜೀವ ಇದೆ. ಒಂದು ಸಲ ಅಟ್ಟಿಸಿಕೊಂಡು ಬಂದರೆ ನವಿಲಿಗೆ ಅದು ಆ ಶಾಕ್ ಇದ್ದಹಾಗೆ. ಆಮೇಲೆ ಬರೀ ಬೊಗಳಿದರೂ ಗುಡ್ಡದ ಕಡೆ ಹಾರುತ್ತವೆ. ನಾಯಿ ಬಂದುಹೋದ ದಿನ ಸುಮ್ನೆ ನಿಂತ ಬೆರ್ಚಪ್ಪನಿಗೂ ಬೆಲೆ ಬರುತ್ತದೆ, ಅದರ ಹತ್ತಿರ ಅವು ಸುಳಿಯುವುದಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಒಗ್ಗಿಹೋಗುವುದು ನವಿಲು ಮಾತ್ರ ಅಲ್ಲ, ನಾಯಿಯೂ ಒಗ್ಗುತ್ತದೆ. ದಿನವಿಡೀ ಹೊಲದಲ್ಲೇ ಕಟ್ಟಿದರೆ ಅದಕ್ಕೆ ನವಿಲು ಅಂದರೆ ಬೆಲೆ ಇಲ್ಲ. ಹೊಂಗೆಮರದ ಕೆಳಗೆ ಮಲಗಿ ಒಂದು ಕಣ್ಣು ಬಿಟ್ಟು ನೋಡುತ್ತದೆ. ಓಡಿ ಓಡಿ ಏನೂ ಸಿಗದಿದ್ದರೆ ಅದಕ್ಕಾದರೂ ಹುರುಪು ಎಲ್ಲಿಂದ ಬರಬೇಕು, ಅಲ್ವಾ? ಹಾಗಾಗಿ ಬೆಳಗ್ಗೆ ಮತ್ತು ಸಂಜೆ ಮಾತ್ರ ಕರೆದುಕೊಂಡು ಹೋಗುತ್ತೇನೆ, ಅದೂ ಖಾಲಿ ಹೊಟ್ಟೆಯಲ್ಲಿ. ಓಡಿಸಿ ಕರೆದ ತಕ್ಷಣ ವಾಪಸ್ ಬಂದರೆ ಮುದ್ದೆ. ಕೆಲವು ದಿನ ಅದರ ಜೊತೆ ಒಂದು ತುಂಡು ಬೆಲ್ಲ, ಕೆಲವು ದಿನ ಮೊಟ್ಟೆ. ಏನು ಸಿಗುತ್ತದೆ ಅಂತ ಗೊತ್ತಿಲ್ಲದಿದ್ದಾಗ ಅದರ ಓಟವೇ ಬೇರೆ. ವಾಪಸ್ ಕರೆಯುವುದನ್ನು ಮೊದಲೇ ಕಲಿಸಿರಬೇಕು. ಅಟ್ಟಿಸುವುದು ಬೇರೆ, ಕಚ್ಚಿಸುವುದು ಬೇರೆ. ಎರಡನೆಯದು ಅಪರಾಧ.

ಯಾವುದನ್ನೇ ಮಾಡಿ, ಹಸಿವು ಜಾಸ್ತಿಯಾದರೆ ಹೆದರಿಕೆ ಸೋಲುತ್ತದೆ. ಮಳೆ ಕೈಕೊಟ್ಟು ಗುಡ್ಡ ಒಣಗಿದ ವರ್ಷ ನಾಯಿ ಇದ್ದರೂ ನವಿಲು ಬರುತ್ತದೆ. ಅಂಥ ವರ್ಷ ಬೀಜ ಸ್ವಲ್ಪ ಜಾಸ್ತಿ ಬಿತ್ತುವುದೇ ದಾರಿ. ರಾತ್ರಿ ಬರುವ ಕಾಡುಹಂದಿಗೆ ಈ ಯಾವುದೂ ಲೆಕ್ಕಕ್ಕಿಲ್ಲ, ಅದರ ಮಾತೇ ಬೇರೆ.

ನಾಯಿ ಸಾಕಲು ಆಗದವರು ಮೈಕನ್ನೇ ತೆಗೆದುಕೊಳ್ಳಿ, ಆದರೆ ಬಿತ್ತಿದ ದಿನವೇ ಹೊರಗೆ ತೆಗೆಯಿರಿ, ಅದಕ್ಕಿಂತ ಮೊದಲು ಬೇಡ. ಗಿಡ ಬೇರು ಹಿಡಿದ ಕೂಡಲೇ ಮೈಕು, ಬೆರ್ಚಪ್ಪ, ರಿಬ್ಬನ್ ಎಲ್ಲವನ್ನೂ ಕಿತ್ತು ಮನೆಗೆ ತಂದುಬಿಡಿ.