ಆಂಪೆಗ್ ಪಿಎಫ್-50ಟಿ: ಮನೆಯಲ್ಲೂ ವೇದಿಕೆಯಲ್ಲೂ ಕಂಡಂತೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲೂ ಸುತ್ತಲಿನ ಕಾರ್ಯಕ್ರಮಗಳಲ್ಲೂ ಎರಡು ವರ್ಷಗಳಿಂದ ನಾನು ನುಡಿಸುತ್ತಿರುವುದು, 6ಎಲ್6 ಎಂಬ ಟ್ಯೂಬುಗಳ (ವಾಲ್ವ್‌ಗಳ) ಜೋಡಿಯಿಂದ 50 ವ್ಯಾಟ್ ನೀಡುವ ಈ ಬಾಸ್ ಗಿಟಾರ್ ಆಂಪ್ಲಿಫೈಯರನ್ನು. ವಾಲ್ವ್ ರೇಡಿಯೊ ಕೇಳಿ ಬೆಳೆದವರಿಗೆ ಇದರ ನಾದಗುಣ ಥಟ್ಟನೆ ಗುರುತಾಗುತ್ತದೆ: ತಂತಿಯನ್ನು ಮೆಲ್ಲಗೆ ಮೀಟಿದರೆ ಸ್ವರ ದುಂಡಗೆ ಹೊಮ್ಮುತ್ತದೆ, ಬಲವಾಗಿ ಮೀಟಿದರೆ ಅದರ ಅಂಚಿಗೆ ತುಸು ಒರಟುತನ ಬೆರೆಯುತ್ತದೆ. ಆ ಒರಟುತನಕ್ಕಾಗಿಯೇ ನಾನು ಇದನ್ನು ಕೊಂಡೆ. ಮನೆಯಲ್ಲಿ ಸದ್ದು ತಗ್ಗಿಸಿದಾಗ ಮಾತ್ರ ಅದು ಪೂರ್ತಿ ದೊರೆಯುವುದಿಲ್ಲ.

ಸಾಮಾನ್ಯವಾಗಿ ಟ್ಯೂಬ್ ಆಂಪನ್ನು ಚಾಲೂ ಮಾಡುವ ಮೊದಲು ಸ್ಪೀಕರ್ ಜೋಡಿಸಿರಲೇಬೇಕು, ಮತ್ತು ಹಿಂಬದಿಯ ಸಾಕೆಟ್ ಸ್ಪೀಕರ್ ಪೆಟ್ಟಿಗೆಯ ವಿದ್ಯುತ್ ತಡೆಯ ಅಳತೆಯಾದ ಓಮ್‌ಗೆ ಹೊಂದಿರಬೇಕು. ಸ್ಪೀಕರಿಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಏರುವ ವೋಲ್ಟೇಜು ಅದನ್ನೇ ಸುಟ್ಟುಹಾಕಬಹುದು. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತು ಏರಿಳಿಯುವುದರಿಂದ ನಾನು ಸ್ಟೆಬಿಲೈಸರ್ ಇಲ್ಲದೆ ಇದನ್ನು ಹಚ್ಚುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಟ್ಯೂಬುಗಳು ತಣಿಯುವವರೆಗೂ ಕಾದು, ಆಮೇಲೆ ಎತ್ತುತ್ತೇನೆ.

ಬಾಸಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಅಷ್ಟು ತಗ್ಗಿನ ನಾದವನ್ನು ಜೋರಾಗಿ, ಶುದ್ಧವಾಗಿ ಹೊರಡಿಸಲು ಬಹಳ ಶಕ್ತಿ ಬೇಕು. ಇದೇ ಆಂಪೆಗ್ ಸಂಸ್ಥೆ 1969ರಲ್ಲಿ ದೊಡ್ಡ ವೇದಿಕೆಗಳಿಗೆಂದು 300 ವ್ಯಾಟ್‌ನ ಎಸ್‌ವಿಟಿ ಎಂಬ ಬಾಸ್ ಆಂಪನ್ನು ತಂದದ್ದು ಅದಕ್ಕಾಗಿಯೇ. ಹೋಮ್‌ಸ್ಟೇ ಅಂಗಳದ ಸಣ್ಣ ಕಾರ್ಯಕ್ರಮಕ್ಕೆ 50 ವ್ಯಾಟ್ ಧಾರಾಳವಾಗಿ ಸಾಕು. ಬಯಲಿನಲ್ಲಿ ಡ್ರಮ್ಸ್ ಜೊತೆ ನುಡಿಸುವಾಗ ಮಾತ್ರ ಡಿಐ (ಆಂಪಿನ ಸಂಕೇತವನ್ನು ನೇರವಾಗಿ ಹೊರಕಳಿಸುವ ಸಂಪರ್ಕ) ಮೂಲಕ ಮೈಕ್‌ಸೆಟ್ಟಿನವರ ಮಿಕ್ಸರಿಗೆ ಲೈನ್ ಕೊಡುತ್ತೇನೆ.